ಅವೆಲಿನಾಳ ಕಿಟಕಿಯ ಬಲೆತೆ

ಸಿಲ್ವೆರಿಯೊ ತೀರಿಕೊಂಡದ್ದು ಜನವರಿಯಲ್ಲಿ, ಬಸ್ ಸ್ಟಾಪಿನ ಬೆಂಚಿನ ಮೇಲೆ, ಕೂತಲ್ಲೇ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ. ವಿನ್ನಿಪೆಗ್ಗಿನಲ್ಲಿ ಅಂಥ ದಿನ ರೆಪ್ಪೆಗೂದಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟೋಪಿಯನ್ನು ಹುಬ್ಬಿನವರೆಗೆ, ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು ಕೂತವನ ಮುಖ ಯಾರಿಗೆ ಕಾಣಬೇಕು? ತೂಕಡಿಸುತ್ತಿದ್ದಾನೆ ಅಂದುಕೊಂಡು ಜನ ಬಸ್ಸು ಹತ್ತಿ ಹೋದರು. ಹೃದಯ ನಿಂತದ್ದು, ಕೂತ ಕೂಡಲೇ ಹೋಗಿರಬೇಕು, ಚಳಿ ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದರು. ಹೆಂಡತಿ ಅವೆಲಿನಾಳ ಕಿವಿಗೆ ಅದು ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅವಳ ಪಾಲಿಗೆ ಅವನು ಇನ್ನೂ ಆ ಬೆಂಚಿನ ಮೇಲೇ ಕೂತಿದ್ದ.

ತನ್ನ ಮರಕ್ಕೆ ಒಂದು ದಿನವೂ ಚಳಿ ತಾಗಲು ಬಿಡದ ಮನುಷ್ಯ ಅವನು.

ಮರ ಅಂದರೆ ಒಂದು ಮೊಳ ಎತ್ತರದ ಬೋನ್ಸಾಯ್, ಚಪ್ಪಟೆ ಕುಂಡದಲ್ಲಿ. ನಮ್ಮ ಆಲದ ಜಾತಿಗೆ ಸೇರಿದ್ದು. ಫಿಲಿಪೀನ್ಸಿನ ಅವರೂರಲ್ಲಿ ಅದಕ್ಕೆ ಬಲೆತೆ ಅನ್ನುತ್ತಾರೆ, ಸಂಜೆಯಾದ ಮೇಲೆ ಅದರ ಬುಡದಲ್ಲಿ ಯಾರೂ ನಿಲ್ಲುವುದಿಲ್ಲ. ಮುಚ್ಚಿಹೋಗುತ್ತಿದ್ದ ಒಂದು ಗಿಡದಂಗಡಿಯಲ್ಲಿ ಸಿಲ್ವೆರಿಯೊ ಅದನ್ನು ಕಂಡು ಗುರುತು ಹಿಡಿದು ಕೋಟಿನೊಳಗಿಟ್ಟುಕೊಂಡು ತಂದಿದ್ದ. "ದೆವ್ವದ ಮರಾನ ಮನೆಯೊಳಗೆ ತರ್ತಾರೇನ್ರೀ?" ಅಂತ ಅವೆಲಿನಾ ಹೊಸ್ತಿಲಲ್ಲೇ ತಡೆದಿದ್ದಳು. "ಈ ಊರಿನ ಚಳಿಗೆ ಯಾವ ದೆವ್ವ ಬರುತ್ತೆ ಬಿಡೆ, ವೀಸಾ ಸಿಗ್ಬೇಕಲ್ಲ ಅದಕ್ಕೆ" ಅಂದು ಅವನು ಅವಳನ್ನು ಸರಿಸಿ ಒಳಗೆ ಬಂದಿದ್ದ. ದಕ್ಷಿಣದ ಕಿಟಕಿಯಲ್ಲಿ ಇಟ್ಟ. ಗಾಜಿಗೆ ಎಲೆ ತಾಗದ ಹಾಗೆ, ಹೀಟರಿನ ಗಾಳಿ ಬಡಿಯದ ಹಾಗೆ. ಕುಂಡದ ಕೆಳಗೆ ಬೆಣಚುಕಲ್ಲು ಹಾಸಿದ ತಟ್ಟೆ, ಅದರಲ್ಲಿ ಒಂದಿಷ್ಟು ನೀರು, ಮೇಲೆ ದೀಪ. ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಅವನು ಸೀಟಿ ಹಾಕುತ್ತಿದ್ದ. ಅವೆಲಿನಾ ಚಳಿಗಾಲದ ಕೋಟು ಹೊಲಿಯುವ ಕಾರ್ಖಾನೆಯಿಂದ ಬಂದು ಆ ಕಿಟಕಿಗೆ ಬೆನ್ನು ಹಾಕಿ ಊಟ ಮಾಡುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು, ಅವಳು ಅದನ್ನು ಮುಟ್ಟಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಅವಳು ಮತ್ತು ಅದು ಇಬ್ಬರೇ ಉಳಿದರು. ನಾಲ್ಕೂವರೆಗೆಲ್ಲ ಕತ್ತಲಾಗುವ ಹೊತ್ತಿಗೆ ಬೂಟಿನ ಹಿಮ ಕೊಡವುವ ಸದ್ದು ಮೆಟ್ಟಿಲ ಮೇಲೆ ಕೇಳುತ್ತಿತ್ತು. ಹೋಗಿ ಬಾಗಿಲು ತೆಗೆದರೆ ಮೆಟ್ಟಿಲ ಮೇಲಿನ ಹಿಮ ಬಿದ್ದ ಹಾಗೇ ಇರುತ್ತಿತ್ತು. ಕಿಟಕಿಯ ಹತ್ತಿರದ ಬೆತ್ತದ ಕುರ್ಚಿ ಕಿರುಗುಟ್ಟುತ್ತಿತ್ತು. ಅವನು ಎದೆಗೆ ಹಚ್ಚಿಕೊಳ್ಳುತ್ತಿದ್ದ ಕರ್ಪೂರದ ಮುಲಾಮಿನ ವಾಸನೆ ಅಡುಗೆಮನೆಯ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಅವನಿಗೆ ಚಳಿಯಾಗುತ್ತದೆ ಅಂತ ಅವಳು ಹೀಟರನ್ನು ಮೇಲಕ್ಕೇರಿಸಿದಳು. ಬೆಳಿಗ್ಗೆ ಸಂಜೆ ಮರಕ್ಕೆ ಚೊಂಬುಗಟ್ಟಲೆ ನೀರು ಹೊಯ್ದಳು. ಮರ ಹಳದಿಗೆ ತಿರುಗಿ ಎಲೆ ಉದುರಿಸತೊಡಗಿತು. ಉದುರಿದ್ದೆಲ್ಲ ಆ ಕುರ್ಚಿಯ ಮೇಲೆ.

ಸಿಲ್ವೆರಿಯೊನ ಅಕ್ಕ ಫೆಲಿಸಿದಾದ್ ಅದನ್ನು ನೋಡಿದ್ದು ಪ್ರಾರ್ಥನೆಗೆ ಬಂದಾಗ. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ಅವನನ್ನು ಈ ದೇಶಕ್ಕೆ ಕರೆಸಿಕೊಂಡವಳೂ ಅವಳೇ. ಹಿರಿಯ ಹೆಂಗಸನ್ನು ಅವರ ಕಡೆ ಮನಾಂಗ್ ಅಂತ ಕರೆಯುವುದು. ಇಡೀ ಬೀದಿಗೆ ಅವಳು ಮನಾಂಗ್ ಫೆಲಿ.

"ಇನ್ನೂ ಇಟ್ಕೊಂಡಿದ್ದೀಯಾ ಇದನ್ನ?" ಅಂದಳು ಮನಾಂಗ್ ಫೆಲಿ, ಕೋಟು ಕೂಡ ಬಿಚ್ಚದೆ.

"ಎಲ್ಲಿಗೆ ಹಾಕ್ಲಿ ಮನಾಂಗ್?"

"ಜೂನಲ್ಲಿ ಕುಂಡ ಬದಲಾಯಿಸ್ತೀನಿ ಅಂತ ಬೇರು ಕತ್ತರಿಸ್ದ. ಬಲೆತೆ ಬೇರು! ಮರದಲ್ಲಿ ಇರೋರನ್ನ ಒಂದು ಮಾತು ಕೇಳಿದ್ನಾ? ಸೀಟಿ ಹೊಡ್ಕೊಂಡು ಕತ್ತರಿಸ್ದ. ಜನವರಿಗೆ ಹೋದ. ಇನ್ನೇನು ಬೇಕು ನಿಂಗೆ? ಹೊರಗಿಡು. ಈ ಊರಿನ ಚಳಿ ಮಿಕ್ಕಿದ್ದು ನೋಡ್ಕೊಳ್ಳುತ್ತೆ."

ಅವೆಲಿನಾ ಮಾರನೇ ದಿನ ಕೆಲಸದಿಂದ ಬಂದವಳೇ ಕುಂಡವನ್ನೆತ್ತಿ ಹೊರಬಾಗಿಲಿಗೂ ಒಳಬಾಗಿಲಿಗೂ ನಡುವಿನ ಸಣ್ಣ ಜಾಗದಲ್ಲಿಟ್ಟಳು. ಅಲ್ಲಿ ಹೀಟರಿಲ್ಲ, ಗೋಡೆಯ ಮೊಳೆಗಳ ಮೇಲೆಲ್ಲ ಮಂಜುಗಟ್ಟಿರುತ್ತದೆ. ಒಳಬಾಗಿಲು ಮುಚ್ಚಿ ಅಕ್ಕಿ ತೊಳೆಯಲು ಹೋದಳು. ಅನ್ನ ಕುದಿಯುವ ಮೊದಲೇ ಬಾಗಿಲು ಬಡಿಯಿತು. ಜೋರಾಗಿ ಅಲ್ಲ, ಕೈಯಲ್ಲಿ ಸಾಮಾನು ಇದ್ದಾಗ ಅವನು ಮೊಣಕೈಯಲ್ಲಿ ಬಡಿಯುತ್ತಿದ್ದ ಹಾಗೆ. ಗಾಳಿ ಅಂದುಕೊಂಡು ನಿಂತಳು. ಮತ್ತೆ ಬಡಿಯಿತು. ತೆಗೆದು ನೋಡಿದರೆ ಕತ್ತಲಲ್ಲಿ ಮರವೊಂದೇ ಇತ್ತು, ಒಂದು ಕಡೆಯ ಎಲೆಗಳು ಹೊರಬಾಗಿಲಿನ ಗಾಜಿಗೆ ಒತ್ತಿಕೊಂಡು ಆಗಲೇ ಕಪ್ಪಾಗಿದ್ದವು. ಗಂಡನನ್ನು ಇನ್ನೊಂದು ಸಲ ಚಳಿಯಲ್ಲಿ ಕೂರಿಸಿದೆನಲ್ಲ ಅನ್ನಿಸಿತು ಅವಳಿಗೆ. ಕುಂಡವನ್ನು ಎದೆಗೊತ್ತಿಕೊಂಡು ಒಳಗೆ ಬಂದು, ಹೊದಿಕೆ ಸುತ್ತಿ, ಮಂಚದ ಪಕ್ಕ ಇಟ್ಟುಕೊಂಡಳು.

ಆ ವಾರ ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಕುಬ್ಜಮರ ಬೆಳೆಸುವವರ ಸಂಘಕ್ಕೆ ಹೋದಳು. ಸಿಲ್ವೆರಿಯೊ ತಪ್ಪದೆ ಹೋಗುತ್ತಿದ್ದ ಸಂಘ. ಅಲ್ಲಿ ಸ್ಟೆಫ್ಕಾ ಅನ್ನುವ ಉಕ್ರೇನಿನ ಕಡೆಯ ಮುದುಕಿಗೆ ಅವನ ಪರಿಚಯ ಚೆನ್ನಾಗಿತ್ತು. ಕಂಬಳಿಯಿಂದ ಬಿಚ್ಚಿದ ಮರವನ್ನು ಅವಳು ನೋಡಿದಳು, ಮಣ್ಣಿಗೆ ಬೆರಳಿಟ್ಟು ಮೂಸಿದಳು.

"ನೀರು ಯಾವಾಗ ಹಾಕ್ತೀಯಮ್ಮಾ?"

"ದಿನಾ. ಬೆಳಿಗ್ಗೆ, ಸಂಜೆ."

"ಅಷ್ಟು ಯಾಕೆ?"

"ಅವ್ರಿಗೆ ಬಾಯಾರುತ್ತೆ ಅಂತ."

ಸ್ಟೆಫ್ಕಾ ಯಾರಿಗೆ ಅಂತ ಕೇಳಲಿಲ್ಲ. ಕುಂಡದ ಅಂಚನ್ನು ಸವರಿದಳು. "ಚಳಿಗಾಲದಲ್ಲಿ ಇದು ಅರೆನಿದ್ದೆಯಲ್ಲಿ ಇರುತ್ತೆ, ಇಷ್ಟು ಕುಡಿಯಲ್ಲ. ನೀನು ಮುಳುಗಿಸ್ತಿದ್ದೀಯ. ಬೇರು ಕೊಳೀತಿದೆ. ಬಿಚ್ಚಿ, ಕಪ್ಪಾಗಿರೋದನ್ನೆಲ್ಲ ಕತ್ತರಿಸ್ಬೇಕು. ಇದು ಅದರ ಕಾಲ ಅಲ್ಲ, ಆದ್ರೆ ಕಾಲ ಬರೋವರೆಗೆ ಇದು ಉಳಿಯಲ್ಲ. ನಾನು ಮಾಡಿಕೊಡ್ಲಾ?"

"ಬೇಡ," ಅಂದಳು ಅವೆಲಿನಾ. "ಮನೇಲೇ ಆಗ್ಲಿ."

ಸ್ಟೆಫ್ಕಾ ಒಂದು ಚೀಲ ಜಲ್ಲಿಮಣ್ಣು ಕೊಟ್ಟಳು. ಕತ್ತರಿಸಿದ ಮೇಲೆ ಪ್ಲಾಸ್ಟಿಕ್ ಹೊದಿಸಿ ದೀಪದ ಕೆಳಗೆ ಇಡು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಅಂತ ಹೇಳಿ ಕಳಿಸಿದಳು.

ಆ ಭಾನುವಾರವೇ ಸಿಲ್ವೆರಿಯೊ ತೀರಿಕೊಂಡ ನಲವತ್ತನೇ ದಿನ. ಸತ್ತವರಿಗೆ ಎಡೆ ಇಡಲು ಮನಾಂಗ್ ಫೆಲಿ ಅಂಟಕ್ಕಿಯ ಸಿಹಿ, ತಮ್ಮನಿಗೆ ಇಷ್ಟವಾದ ಸಿಗರೇಟು, ಸಣ್ಣ ಬಾಟಲಿಯಲ್ಲಿ ಜಿನ್ ಹಿಡಿದು ಬಂದಳು. ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿ, ಮರವನ್ನು ಕುಂಡದಿಂದ ಬಿಚ್ಚಿ ಮಲಗಿಸಿದ್ದಳು ಅವೆಲಿನಾ. ಪಕ್ಕದಲ್ಲಿ ಕತ್ತರಿ. ಕೋಣೆಯಲ್ಲಿ ಕೊಳೆತ ಬೇರಿನ ವಾಸನೆ.

"ಏನೇ ಇದು? ನೀನೂ ಹೋಗ್ಬೇಕಾ ಅವನ ಹಿಂದೆ?"

"ಕತ್ತರಿಸ್ದೇ ಇದ್ರೆ ಸಾಯುತ್ತಂತೆ ಮನಾಂಗ್."

"ಸಾಯ್ಲಿ ಬಿಡು!"

"ಅವ್ರು ಇದರ ಹತ್ರ ಬಂದು ಕೂತ್ಕೋತಾರೆ," ಅಂದಳು ಅವೆಲಿನಾ. ಯಾರ ಮುಂದೆಯೂ ಆಡದ ಮಾತು. "ಇದೂ ಹೋದ್ರೆ ಎಲ್ಲಿ ಕೂತ್ಕೋತಾರೆ ಹೇಳಿ. ಅದೇ ಬೆಂಚಲ್ಲಾ?"

ಅವೆಲಿನಾ ಕತ್ತರಿ ಕೈಗೆತ್ತಿಕೊಂಡಳು.

"ಮರದಲ್ಲಿ ಇರೋರ ಅನುಮತಿ ಕೇಳೋಕೆ ನಂಗೆ ಬರಲ್ಲ. ನಿಮ್ಮಜ್ಜಿ ನಿಮಗೆ ಕಲಿಸಿದ್ದಾರೆ. ನೀವು ಕೇಳಿ, ನಾನು ಕತ್ತರಿಸ್ತೀನಿ."

ಮನಾಂಗ್ ಫೆಲಿ ಕೋಟು ಬಿಚ್ಚಿದಳು. ತಟ್ಟೆಯಲ್ಲಿ ಸಿಹಿ ಇಟ್ಟು, ಲೋಟಕ್ಕೆ ಜಿನ್ ಹಾಕಿ, ಸಿಗರೇಟು ಹಚ್ಚಿ ಬಟ್ಟಲಿನ ಅಂಚಿಗೆ ಆನಿಸಿದಳು. ಎರಡು ಕೈಯಲ್ಲಿ ಮರದ ಕಾಂಡ ಹಿಡಿದು ಅವರ ಭಾಷೆಯಲ್ಲಿ ಶುರುಮಾಡಿದಳು. "ಒಡೆಯರೇ, ನಿಮ್ಮ ಮನೆ ಕೆಡವೋಕೆ ಬಂದಿಲ್ಲ. ಕೊಳೆತದ್ದಷ್ಟೇ ತೆಗೀತೀವಿ. ಈ ಹುಡುಗಿ ಮೇಲೆ ಸಿಟ್ಟಾಗ್ಬೇಡಿ, ಇವಳಿಗೆ ಯಾರೂ ಇಲ್ಲ." ಅವೆಲಿನಾ ಕತ್ತರಿಸುತ್ತ ಹೋದಳು. ಕಪ್ಪು ಬೇರುಗಳು ನೆನೆದ ದಾರದ ಹಾಗೆ ಕೈಗೆ ಬಂದವು. ಬದುಕಿದ್ದ ಬೇರಿಗೆ ಕತ್ತರಿ ತಾಗಿದಾಗ ಬಿಳಿ ಹಾಲು ಬೆರಳಿಗೆ ಅಂಟಿತು. ಮನಾಂಗ್ ಫೆಲಿಯ ದನಿ ಯಾವಾಗ ತಮ್ಮನತ್ತ ತಿರುಗಿತೋ ಗೊತ್ತಾಗಲಿಲ್ಲ. "ಎದೆ ನೋಯ್ತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತೇನೋ? ಅಕ್ಕ ಅಲ್ವೇನೋ ನಾನು?" ಅಂದಳು. ಬಟ್ಟಲಿನ ಅಂಚಿನ ಸಿಗರೇಟು ಆಗ ಫಕ್ಕನೆ ಕೆಂಪಾಯಿತು, ಯಾರೋ ದಮ್ಮು ಎಳೆದ ಹಾಗೆ. ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದವು. ಇಬ್ಬರೂ ಕಂಡರು.

ಎಲೆಯೊಂದೂ ಇಲ್ಲದ ಮರ ಪ್ಲಾಸ್ಟಿಕ್ಕಿನೊಳಗೆ ದೀಪದ ಕೆಳಗೆ ನಿಂತಿತು. ದಿನಾ ಬೆಳಿಗ್ಗೆ ಪ್ಲಾಸ್ಟಿಕ್ಕಿನ ಒಳಮೈ ಮಬ್ಬಾಗಿರುತ್ತಿತ್ತು. ಮಣ್ಣಿನ ತೇವ ಅಂತ ಅವೆಲಿನಾಗೆ ಗೊತ್ತು. ಆದರೂ ಒಳಗೆ ಯಾರೋ ಉಸಿರಾಡಿದ್ದಾರೆ ಅನ್ನಿಸಿ ಅದನ್ನು ಒರೆಸುವ ಮೊದಲು ತನ್ನ ಕೆನ್ನೆ ಆನಿಸುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ಕೊಂಬೆಯ ತುದಿಯಲ್ಲಿ ಕೆಂಪು ಮೊಳಕೆ ಬಂತು. ರಾತ್ರಿಗಳು ಬೆಚ್ಚಗಾದ ಮೇಲೆ ಹಿತ್ತಲಿಗೆ ಇಳಿಸಿದಳು, ಮೊದಲ ಮಂಜಿಗೆ ಮುಂಚೆ ಒಳಗೆ ತಂದಳು. ಅವನು ಹೇಗೆ ಮಾಡುತ್ತಿದ್ದನೋ ಹಾಗೇ. ಹನ್ನೊಂದು ವರ್ಷ ಬೆನ್ನು ಹಾಕಿ ಕೂತವಳಿಗೆ ಅದೆಲ್ಲ ಹೇಗೆ ಗೊತ್ತಿತ್ತೋ. ಮುಂದಿನ ಚಳಿಗಾಲ ಅವಳು ಒಬ್ಬಳೇ ಇರಲಿಲ್ಲ. ಕುರ್ಚಿಯತ್ತ ನೋಡದೆ ಕಾರ್ಖಾನೆಯ ಸುದ್ದಿ ಹೇಳುತ್ತಿದ್ದಳು, ಕುರ್ಚಿ ಕಿರುಗುಟ್ಟುತ್ತಿತ್ತು. "ಮನೇಲಿ ಯಾರು ಕಾಯ್ತಿದ್ದಾರೆ ಅಂತ ಹಿಂಗೆ ಓಡ್ತೀಯೇ?" ಅಂತ ಪಕ್ಕದ ಮೆಷಿನ್ನಿನವಳು ಕೆಣಕಿದರೆ ಸುಮ್ಮನೆ ನಗುತ್ತಿದ್ದಳು.

ಆ ಚಳಿಗಾಲ ಕಳೆದು ಬಂದ ಬೇಸಗೆಯಲ್ಲಿ ಮನಾಂಗ್ ಫೆಲಿ ಹಿತ್ತಲ ಬೆಂಚಿನಲ್ಲಿ ಕೂತು, ಬೇರೆಲ್ಲೋ ನೋಡುತ್ತ, "ನಂಗೊಂದು ಕೊಂಬೆ ಕೊಡೆ" ಅಂದಳು.

"ನಿಮಗಾ ಮನಾಂಗ್?"

"ನಿನ್ನ ಹತ್ರ ಬರ್ತಾನೆ. ಎತ್ತಿ ಆಡಿಸಿದವಳು ನಾನು. ನನ್ನ ಮನೆಗೆ ಒಂದು ಸಲನೂ ಬಂದಿಲ್ಲ."

ಅವೆಲಿನಾ, ಮನಾಂಗ್ ಫೆಲಿಯಿಂದ ಕಲಿತ ಹಾಗೆ, ಮರದ ಒಡೆಯರನ್ನು ಕೇಳಿಯೇ ಕತ್ತರಿಸಿದಳು, ನೀರಿನ ಲೋಟದಲ್ಲಿಟ್ಟು ಬೇರು ಬರಿಸಿದಳು, ಕುಂಡಕ್ಕೆ ಕೂರಿಸಿ ಸೆಪ್ಟೆಂಬರಿನಲ್ಲಿ ಕೊಟ್ಟಳು.

ಅಂದಿನಿಂದ ಅವೆಲಿನಾಳ ಮನೆ ನಿಶ್ಶಬ್ದವಾಯಿತು. ಮೆಟ್ಟಿಲ ಮೇಲೆ ಬೂಟಿನ ಸದ್ದಿಲ್ಲ, ಮುಲಾಮಿನ ವಾಸನೆ ಇಲ್ಲ. ಮೊದಲ ಕೆಲವು ದಿನ ಅವಳಿಗೆ ಒಳ್ಳೇ ನಿದ್ದೆ ಬಂತು. ಆಮೇಲೆ ಕುರ್ಚಿಯನ್ನೇ ನೋಡುತ್ತ ಕೂರತೊಡಗಿದಳು. ಮರ ಎಂದೂ ಇಲ್ಲದಷ್ಟು ಹಸಿರಾಗಿತ್ತು, ಎಲೆಗೆಲೆ ಹೊಳೆಯುತ್ತಿತ್ತು. ಅದರೊಳಗೆ ಯಾರೂ ಇರಲಿಲ್ಲ.

ಅಕ್ಟೋಬರಿನ ಒಂದು ಸಂಜೆ ಮನಾಂಗ್ ಫೆಲಿಯ ಫೋನು. ಪಿಸುಮಾತಿನಲ್ಲಿ, "ಬಂದಿದ್ದಾನೆ. ಹಜಾರದಲ್ಲಿ ಓಡಾಡ್ತಿದ್ದಾನೆ. ಎಷ್ಟೋ ದಿನದಿಂದ. ನಿಂಗೆ ಹೇಳೋಕೆ ಮನಸ್ಸಾಗ್ಲಿಲ್ಲ."

"ಗೊತ್ತು," ಅಂದಳು ಅವೆಲಿನಾ.

"ಕೂತ್ಕೊಳ್ಳೋದೇ ಇಲ್ವಲ್ಲೇ. ಬಾಗಿಲವರೆಗೆ ಹೋಗ್ತಾನೆ, ವಾಪಸ್ ಬರ್ತಾನೆ. ನಿನ್ನ ಹುಡುಕ್ತಿದ್ದಾನೆ." ಆಮೇಲೆ, "ಇಲ್ಲಿ ಒಂದು ಕೋಣೆ ಖಾಲಿ ಇದೆ. ನಿನ್ನ ಮರನೂ ತಗೊಂಡು ಬಂದ್ಬಿಡು."

ಅವೆಲಿನಾ ಬಾಡಿಗೆ ಮನೆ ಬಿಟ್ಟಳು. ಕೋಟಿನ ಒಳಪದರದ ತುಂಡುಗಳಿಂದ ಮರಕ್ಕೆ ಅಳತೆಗೆ ತಕ್ಕ ಒಂದು ದಪ್ಪ ಅಂಗಿ ಹೊಲಿದಳು, ಕಾರು ಬೆಚ್ಚಗಾಗುವವರೆಗೆ ಕುಂಡವನ್ನು ಹೊರಗೆ ತರಲಿಲ್ಲ. ಮನಾಂಗ್ ಫೆಲಿಯ ಕಿಟಕಿಯಲ್ಲಿ ತಾಯಿಮರ, ಮರಿ ಎರಡೂ ಪಕ್ಕಪಕ್ಕದಲ್ಲಿ ಕೂತವು. ಬಂದ ವಾರದಲ್ಲೇ ದೊಡ್ಡದು ಎಲೆ ಉದುರಿಸತೊಡಗಿತು, ಮನಾಂಗ್ ಫೆಲಿ ಶಿಲುಬೆಯ ಗುರುತು ಮಾಡಿಕೊಂಡಳು.

"ಜಾಗ ಬದಲಾದ್ರೆ ಉದುರಿಸುತ್ತೆ ಮನಾಂಗ್, ಅಷ್ಟೇ. ಹೊಂದ್ಕೊಳ್ಳುತ್ತೆ," ಅಂದಳು ಅವೆಲಿನಾ.

ಹಾಗಂದವಳೇ ಬಗ್ಗಿ ಎಲೆಗಳನ್ನೆಲ್ಲ ಆಯ್ದಳು. ಕಸದ ಬುಟ್ಟಿಯವರೆಗೆ ಹೋದಳು. ಹಾಕಲು ಕೈ ಬರಲಿಲ್ಲ. ಹಜಾರದಲ್ಲಿ ಹೆಜ್ಜೆಯ ಸದ್ದು ನಿಂತಿತ್ತು, ಕಿಟಕಿಯ ಕಡೆ ಕುರ್ಚಿಯೊಂದು ಕಿರುಗುಟ್ಟಿತು. ಅವಳು ಎಲೆಗಳನ್ನು ಏಪ್ರನ್ನಿನ ಜೇಬಿಗೆ ತುಂಬಿಕೊಂಡು ಅನ್ನಕ್ಕೆ ಇಡಲು ಹೋದಳು.