ಮರಗಿಯ ಜಡೆ

ಸಾಬವ್ವನ ಮಗಳು ಸತ್ತದ್ದು ಡೊಂಬಿವಲಿಯ ಹೊರಗಿನ ಒಂದು ಸೈಟಿನಲ್ಲಿ. ಅಲ್ಲಿ ಏಳುತ್ತಿದ್ದ ಎತ್ತರದ ಕಟ್ಟಡಕ್ಕೆ ಸಾಬವ್ವ ಮತ್ತು ಅವಳ ಗಂಡ ಮಾಪಣ್ಣ ಮಾಲು ಹೊರುತ್ತಿದ್ದರು. ಕೂಲಿಯವರ ತಗಡಿನ ಶೆಡ್ಡುಗಳು ಪಕ್ಕದ ಪ್ಲಾಟಿನ ಗೋಡೆಗೆ ಒತ್ತಿಕೊಂಡಿದ್ದವು. ಮಳೆಗಾಲದ ಆರಂಭದಲ್ಲಿ ಒಂದು ಮಧ್ಯಾಹ್ನ ಆ ಗೋಡೆ ಶೆಡ್ಡುಗಳ ಮೇಲೆ ಬಿತ್ತು. ಹೊರಗೆ ಆಡುತ್ತಿದ್ದ ಮಕ್ಕಳು ಓಡಿ ಉಳಿದರು. ಐದು ವರ್ಷದ ಮರಗಮ್ಮ ಓಡಲಿಲ್ಲ. ಆ ಬೆಳಿಗ್ಗೆ ಅವಳು ತಾಯಿಯ ಸೆರಗು ಹಿಡಿದು, ತಾನೂ ಮೇಲೆ ಬರುತ್ತೇನೆಂದು ಹಟ ಮಾಡಿದ್ದಳು. ಮೇಲೆ ಸ್ಲ್ಯಾಬಿನ ಅಂಚಿಗೆ ಕಟ್ಟೆ ಇರಲಿಲ್ಲ, ಕೆಳಗೆ ಬೇಗ ಕೆಲಸಕ್ಕೆ ಹತ್ತಿರೆಂದು ಮುಕಾದಮ ಕೂಗುತ್ತಿದ್ದ. ಸಾಬವ್ವ ಮಗಳ ತಲೆಗೊಂದು ಏಟು ಹಾಕಿ, ಒಳಗೆ ಕೂರಿಸಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗಿದ್ದಳು.

ಆಮೇಲೆ ಗಂಡ ಹೆಂಡತಿ ಪಕ್ಕದ ಊರಾದ ಕಲ್ಯಾಣಕ್ಕೆ ಬಂದು ಒಂದು ಚಾಳಿನಲ್ಲಿ ಖೋಲಿ ಹಿಡಿದರು. ಸಾಬವ್ವನಿಗೆ ನಿದ್ದೆ ಹೋಯಿತು. ಯಾರದೇ ಬಾಗಿಲಿಗೆ ಚಿಲಕ ಕಂಡರೂ ಹೋಗಿ ತೆಗೆದುಬಿಡುತ್ತಿದ್ದಳು. ಚಾಳಿನವರು ಮೊದಲು ಬೈದರು, ಆಮೇಲೆ ಹೆದರಿದರು. ಯಾರೋ ಅವಳನ್ನು ಠಾಣೆ ಶಹರದ ಕೋಪರಿಯಲ್ಲಿರುವ ಒಂದು ಸಂಸ್ಥೆಗೆ ಕರೆದೊಯ್ದರು. ದುಃಖದಲ್ಲಿರುವ ಕೂಲಿ ಹೆಂಗಸರನ್ನು ಕೂರಿಸಿ ಮಾತಾಡಿಸುವುದು ಆ ಸಂಸ್ಥೆಯ ಕೆಲಸ. ಅದನ್ನು ನೋಡಿಕೊಳ್ಳುತ್ತಿದ್ದವರು ಸ್ವರ್ಣಲತಾ, ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಅದೇ ಶಹರದ ನೌಪಾಡಾದಲ್ಲಿ ನೆಲೆಸಿದವರು. ಕನ್ನಡ ಬರುತ್ತದೆಂದು ಸಾಬವ್ವನನ್ನು ಅವರಿಗೇ ಒಪ್ಪಿಸಿದರು.

ಎಷ್ಟೋ ದಿನ ಸುಮ್ಮನೆ ಕೂತು ಎದ್ದುಹೋಗುತ್ತಿದ್ದ ಸಾಬವ್ವ ಒಮ್ಮೆ ಬಾಯಿಬಿಟ್ಟಳು. ಏಟನ್ನೂ ಹೇಳಿದಳು, ಚಿಲಕವನ್ನೂ ಹೇಳಿದಳು. ಜೊತೆಗೆ ಕೂತಿದ್ದವರಲ್ಲಿ ರಾಯಚೂರಿನ ಚಂದವ್ವ ಎಂಬ ಹೆಂಗಸು ಅಂದಳು, "ನಾನಾದ್ರೂ ಚಿಲಕ ಹಾಕ್ತಿದ್ದೆ ಬಿಡವ್ವ. ಬಿಟ್ರ ಲಿಫ್ಟಿನ ಕುಣಿಯಾಗ ಬೀಳ್ತಿತ್ತು ಕೂಸು."

ಆ ಒಂದು ಮಾತಿಗೆ ಸಾಬವ್ವ ಮೊದಲ ಸಲ ಅತ್ತಳು. ಕ್ರಮೇಣ ನಿದ್ದೆ ಬಂತು, ಜನರ ಬಾಗಿಲು ತೆಗೆಯುವುದು ನಿಂತಿತು, ಮತ್ತೆ ಕೆಲಸಕ್ಕೆ ಹೋದಳು. ಸ್ವರ್ಣಲತಾ ಅವಳಿಗೆ ದೇವರಾದರು.

ಅದಾದ ಮೇಲೆ ಸ್ವರ್ಣಲತಾ ಅವಳನ್ನು ಹೊರಗಿನ ಸಭೆಗಳಿಗೆ ಕರೆಯತೊಡಗಿದರು. ಕಂಪನಿಯವರು, ಕಾಲೇಜಿನವರು, ದೇಣಿಗೆ ಕೊಡುವವರು ಇಂಥವಳೊಬ್ಬಳ ಬಾಯಿಂದಲೇ ಕೇಳಬೇಕೆನ್ನುತ್ತಿದ್ದರು. ಸಾಬವ್ವ ಕನ್ನಡದಲ್ಲಿ ಹೇಳಬೇಕು, ಸ್ವರ್ಣಲತಾ ಹಿಂದಿಯಲ್ಲಿ ತಿಳಿಸಬೇಕು ಎಂದಾಯಿತು. ಮೊದಲ ಸಭೆಯ ಹಿಂದಿನ ದಿನ ಅವರು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು.

"ಸಾಬವ್ವ, ಹೊರಗಿನವರ ಎದುರಿಗೆ ಆ ಏಟು, ಚಿಲಕ ಎಲ್ಲ ಬೇಡ ಆಯ್ತಾ. ನಿಮ್ಮ ಕಷ್ಟ ಅವರಿಗೆ ಎಂತ ಗೊತ್ತು? ನಿಮ್ಮನ್ನೇ ಬೈತಾರೆ. ಆ ದಿನ ಬೆಳಿಗ್ಗೆ ಮಗಳಿಗೆ ಬೇರೆ ಎಂತ ಮಾಡಿದ್ರಿ? ಜಡೆ ಹಾಕಿರ್ಬೇಕಲ್ಲ?"

"ಹೂಂ ರೀ."

"ರಿಬ್ಬನ್ ಕಟ್ಟಿದ್ರಾ? ಕೆಂಪಾ?"

"ಹೂಂ ರೀ ಮೇಡಂ."

ಜಡೆಯೂ ಇರಲಿಲ್ಲ, ರಿಬ್ಬನ್ನೂ ಇರಲಿಲ್ಲ. ಆದರೆ ತನ್ನ ನಿದ್ದೆಯನ್ನು ಹಿಂದಕ್ಕೆ ತಂದುಕೊಟ್ಟವರು ಏನು ಕೇಳಿದ್ದರೂ ಅವಳು ಹೂಂ ಅನ್ನುತ್ತಿದ್ದಳು.

ಹಾಗೆ ಆ ಜಡೆ ಕತೆಯೊಳಗೆ ಬಂತು. ಎರಡು ವರ್ಷ ಅವಳು ಅದನ್ನೇ ಹೇಳಿದಳು. ಎಲ್ಲಿ ನಿಲ್ಲಿಸಿದರೆ ಜನ ಕಣ್ಣೊರೆಸಿಕೊಳ್ಳುತ್ತಾರೆ ಎಂಬುದು ಅವಳಿಗೇ ತಿಳಿಯಿತು. ಬರಬರುತ್ತ ಮಗಳ ಕೂದಲಿನ ಎಣ್ಣೆಯ ಜಿಡ್ಡು ಬೆರಳಿಗೆ ಹತ್ತಿದಂತೆಯೂ ಅನ್ನಿಸತೊಡಗಿತು.

ಒಂದು ಭಾನುವಾರ ಮಾಪಣ್ಣ ಚಪ್ಪಲಿಯ ಉಂಗುಷ್ಠ ಹೊಲಿಯುತ್ತ ಕೂತಿದ್ದ. ಸಾಬವ್ವ ತಲೆ ಬಾಚಿಕೊಳ್ಳುತ್ತಿದ್ದವಳು ತಾನಾಗಿ ಅಂದಳು, "ಮರಗಿ ಕೂದಲ ಭಾಳ ದಪ್ಪ ಇದ್ವು. ಆ ದಿನ ಜಡಿ ಹಾಕೂದ್ರಾಗ ಕೈ ಸೋತು ಹೋಗಿತ್ತು."

"ಯಾವ ದಿನ?"

"ಅದಾ ದಿನ. ಗ್ವಾಡಿ ಬಿದ್ದ ದಿನ."

ಮಾಪಣ್ಣ ಸೂಜಿ ಕೆಳಗಿಟ್ಟ. ಸಭೆಗಳಿಗೆ ಅವನು ಎಂದೂ ಹೋದವನಲ್ಲ. "ಅವತ್ತು ಆಕಿ ತಲಿ ಬೋಳಿತ್ತಲ್ಲ," ಎಂದ. "ಊರಿಗಿ ಹೋಗಿ ದೇವರಿಗಿ ಜವಳ ಕೊಟ್ಟು ಬಂದು ಹದಿನೈದು ದಿನನೂ ಆಗಿದ್ದಿಲ್ಲ. ತಲಿ ಸುಡ್ತದಂತ ನನ್ನ ಟವಲ್ ಸುತ್ತತಿದ್ದೆ. ಮರ್ತಿ ಏನು?"

ಸಾಬವ್ವ ಬಾಚಣಿಗೆ ಹಿಡಿದುಕೊಂಡೇ ಕೂತಳು. ಬೋಳು ತಲೆಯ ಮಗಳನ್ನು ಕಣ್ಣ ಮುಂದೆ ತರಲು ನೋಡಿದಳು. ಬಂದದ್ದು ಜಡೆ ಹಾಕಿಕೊಂಡವಳು, ಕೆಂಪು ರಿಬ್ಬನ್ನಿನವಳು. ತಾನು ಹೊಡೆದದ್ದು ಆ ಬೋಳು ತಲೆಗೇ, ಅಂಗೈಗೆ ನುಣ್ಣನೆಯ ನೆತ್ತಿ ತಾಗಿರಲೇಬೇಕು. ಅಂಗೈಯನ್ನು ತೊಡೆಗೆ ಉಜ್ಜಿ ಉಜ್ಜಿ ನೋಡಿದಳು. ಅದಕ್ಕೆ ಏನೂ ನೆನಪಿರಲಿಲ್ಲ.

ಮುಂದಿನ ಸಭೆ ವಾಶಿಯಲ್ಲಿತ್ತು. ತಣ್ಣನೆಯ ಹಾಲ್, ಮೆತ್ತನೆಯ ಕುರ್ಚಿಗಳು. ಸಾಬವ್ವ ಮೈಕಿನ ಮುಂದೆ ನಿಂತು ಕನ್ನಡದಲ್ಲಿ ಹೇಳಿದಳು.

"ನನ್ನ ಮಗಳಿಗಿ ಜಡಿ ಇದ್ದಿಲ್ಲ. ತಲಿ ಬೋಳಿತ್ತು. ಆ ಬೋಳ ತಲಿಮ್ಯಾಲೇ ಹೊಡದೆ. ಹೊಡದು, ಹೊರಗಿಂದ ಚಿಲಕ ಹಾಕ್ದೆ. ಹಾಕಿದ್ದಿಲ್ಲಂದ್ರ ಓಡಿ ಬರ್ತಿದ್ಲು."

ಸ್ವರ್ಣಲತಾ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಮೈಕು ತಮ್ಮ ಕಡೆಗೆ ಎಳೆದುಕೊಂಡು, ಎಂದಿನ ಮೆಲುದನಿಯಲ್ಲಿ ಹಿಂದಿಯಲ್ಲಿ ಹೇಳಿದರು: ಆ ಬೆಳಿಗ್ಗೆ ಈ ತಾಯಿ ಮಗಳಿಗೆ ಜಡೆ ಹಾಕಿದಳು, ಕೆಂಪು ರಿಬ್ಬನ್ ಕಟ್ಟಿದಳು, ಹಣೆಗೊಂದು ಮುತ್ತು ಕೊಟ್ಟು ಕೆಲಸಕ್ಕೆ ಹೋದಳು.

ಸೈಟುಗಳಲ್ಲಿ ಕಲಿತ ಹಿಂದಿ ಸಾಬವ್ವನಿಗೆ ಇಷ್ಟಕ್ಕೆ ಸಾಕಾಗಿತ್ತು. ಮುತ್ತು ಹೊಸದು. ಮುಂದಿನ ಸಾಲಿನ ಹೆಂಗಸೊಬ್ಬರು ಕರವಸ್ತ್ರ ತೆಗೆದರು.

ಮೆಟ್ಟಿಲ ಮೇಲೆ ಸಾಬವ್ವ ಕೇಳಿದಳು, "ಯಾಕ ಹಂಗ ಹೇಳಿದ್ರಿ ಮೇಡಂ?"

"ಮತ್ತೆ ಎಂತ ಹೇಳ್ಲಿ? ಅಷ್ಟು ಜನರ ಎದುರಿಗೆ ನಿಮ್ಮನ್ನು ಕೆಟ್ಟ ತಾಯಿ ಮಾಡ್ಲಾ?" ಸ್ವರ್ಣಲತಾರ ದನಿ ನಿಜವಾಗಿಯೂ ನಡುಗುತ್ತಿತ್ತು. "ಜಡೆಯ ವಿಷಯ ನಾನು ಕೇಳಿದೆ, ನೀವೇ ಹೌದು ಅಂದ್ರಿ. ಅಲ್ವಾ?"

ಅದು ಸುಳ್ಳಲ್ಲ.

"ಹೊಡದಿದ್ದು ನಂದ್ರಿ ಮೇಡಂ," ಎಂದಳು ಸಾಬವ್ವ. "ಅದೊಂದಾದ್ರೂ ನನಗ ಬಿಡಬೇಕಿತ್ತು."

ಸ್ವರ್ಣಲತಾರಿಗೆ ಅರ್ಥವಾಗಲಿಲ್ಲ. ಅವಳಿಗೆ ಆಯಾಸವಾಗಿದೆ ಎಂದುಕೊಂಡು, ಮುಂದಿನ ವಾರ ಕೂತು ಮಾತಾಡುವ ಎಂದು ಭುಜ ಸವರಿದರು. ಸಾಬವ್ವ ಮತ್ತೆ ಕೋಪರಿಯ ಕಡೆ ಹೋಗಲಿಲ್ಲ. ಫೋನ್ ಬಂದರೆ ಎತ್ತಲಿಲ್ಲ. ಅವಳ ಜಾಗಕ್ಕೆ ಬೇರೊಬ್ಬಳು ಸಿಕ್ಕಿದಳೆಂದು ಚಂದವ್ವನಿಂದ ತಿಳಿಯಿತು.

ಸಭೆ ಬಿಟ್ಟ ಮೇಲೂ ಜಡೆ ಬಿಡಲಿಲ್ಲ. ಮಗಳನ್ನು ನೆನೆದರೆ ಅದೇ ಬರುತ್ತಿತ್ತು. ಒಂದು ದಿನ ಊಟ ಬಡಿಸುತ್ತ ಸಾಬವ್ವ ಗಂಡನನ್ನು ಕೇಳಿದಳು, "ಏನ್ರಿ, ನಿಮಗ ಎಲ್ಲ ನೆನಪದ. ಆಕಿ ಹೆಂಗ ನಗ್ತಿದ್ಲು, ಏನೇನ್ ಅಂತಿದ್ಲು, ಸ್ವಲ್ಪ ಹೇಳ್ರಿ."

ಮಾಪಣ್ಣ ರೊಟ್ಟಿ ಮುರಿದವನು ತಿನ್ನಲಿಲ್ಲ.

"ಹೇಳಂಗಿಲ್ಲ," ಎಂದ.

"ಯಾಕ?"

"ನೀ ಹೇಳಿ ಹೇಳಿ ನಿನ್ನ ಮಗಳ್ನ ಕಳಕೊಂಡಿ. ನಂದು ನನ್ನ ಹಂತ್ಯಾಕ ಇರ್ಲಿ."

ಅವಳು ಮತ್ತೆ ಕೇಳಲಿಲ್ಲ.

ಈಗ ಅವರು ಕಳಂಬೋಲಿಯಲ್ಲಿದ್ದಾರೆ. ಕಬ್ಬಿಣದ ಮಾರ್ಕೆಟಿನ ಹಿಂದೆ ಗೋದಾಮು ಕಟ್ಟುವ ಕೆಲಸ. ಹೊಸ ಜಾಗದಲ್ಲಿ ಮೊದಲ ದಿನ, ಊಟದ ಹೊತ್ತಿಗೆ ಬುತ್ತಿ ಬಿಚ್ಚುತ್ತ ವಿಜಯಪುರದ ಕಡೆಯ ಮಾಲಾ ಎಂಬ ಹೆಂಗಸು ಎಲ್ಲರೂ ಕೇಳುವುದನ್ನೇ ಕೇಳಿದಳು, "ಮಕ್ಕಳೆಷ್ಟವ್ವಾ?"

ಮಾಪಣ್ಣ ಕೈ ತೊಳೆಯುತ್ತ ಹತ್ತಿರದಲ್ಲೇ ಇದ್ದ.

"ಆಗಿಲ್ಲ," ಎಂದಳು ಸಾಬವ್ವ. "ನಮಗ ಮಕ್ಕಳೇ ಆಗಿಲ್ಲ."

ಮಾಲಾ ಅಯ್ಯೋ ಪಾಪ ಎಂದು, ತನ್ನ ಬುತ್ತಿಯಿಂದ ಅವಳಿಗೆ ಶೇಂಗಾ ಚಟ್ನಿ ಹಾಕಿದಳು.