ಅರವತ್ತನಾಲ್ಕು ಮುಳ್ಳುಗಳ ನಡುಕ

ಸೊಲ್ಲಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ನನಗೆ ಹಿಡಿದ ಹುಚ್ಚಿಗೆ ಮದ್ದಿರಲಿಲ್ಲ. ಅಯಸ್ಕಾಂತದ ಒಂದೊಂದು ಪರಮಾಣುವೂ ದಿಕ್ಸೂಚಿಯ ಒಂದು ಪುಟ್ಟ ಮುಳ್ಳಿದ್ದಂತೆ, ಒಂದನ್ನು ಅಲುಗಿಸಿದರೆ ಆ ನಡುಕ ಅಲ್ಲೇ ನಿಲ್ಲದೆ ನೆರೆಯದಕ್ಕೆ, ಅದರ ನೆರೆಯದಕ್ಕೆ ಹರಿದು ಅಲೆಯಾಗುತ್ತದೆ ಎಂದು ಮಾಸ್ತರರು ಒಂದು ಮಧ್ಯಾಹ್ನವಿಡೀ ಹೇಳಿದ್ದರು. ಆ ಅಲೆಯ ಶಕ್ತಿ ಬಂದರೆ ಜೋಳದ ಹಾಗೆ ಇಡೀ ಕಾಳಾಗಿಯೇ ಬರಬೇಕು, ಅರ್ಧ ಕಾಳು ಅನ್ನುವುದು ಅದಕ್ಕಿಲ್ಲ. ಒಂದೇ ಪದರದ ತೆಳು ಅಯಸ್ಕಾಂತದಲ್ಲಂತೂ ಇಂಥ ಅಲೆ ಏಳುವುದು ಎಷ್ಟು ಸುಲಭವೆಂದರೆ, ಚೂರು ಬಿಸಿ ತಾಗಿದರೂ ಸಾಲಿನ ಶಿಸ್ತೆಲ್ಲ ಕಲಸಿಹೋಗುತ್ತದಂತೆ. ಖುಷಿ ತಡೆಯಲಾಗದೆ ನಾನು ಕೂತಲ್ಲೇ ನಕ್ಕುಬಿಟ್ಟೆ. ಮಾಸ್ತರರು ಬೈದರು.

ಇದನ್ನೇ ಓದಲು ಪುಣೆಗೆ ಹೋಗಬೇಕು. ಹೋಗಲು ಅಕ್ಕಲಕೋಟೆಯ ದೊಡ್ಡಪ್ಪ ಹೂಂ ಅನ್ನಬೇಕು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವರದೇ ಮಾತು. ಅವರೋ ಕೋರ್ಟಿನ ಗುಮಾಸ್ತರು, ಸಾಕ್ಷಿಯಿಲ್ಲದೆ ಏನನ್ನೂ ನಂಬುವವರಲ್ಲ. ಸಾಲದ್ದಕ್ಕೆ ದಸರೆಯ ದಿನ ಒಂದು ಗಂಡಿನ ಕಡೆಯವರಿಗೆ ನನ್ನ ಮದುವೆಯ ಮಾತು ಕೊಡುವುದೆಂದು ಗೊತ್ತುಮಾಡಿಬಿಟ್ಟಿದ್ದರು. "ಅದೇನ ಕಲೀತಿ, ಕಣ್ಣಿಗಿ ಕಾಣೂ ಹಂಗ ತೋರಸು. ಆಮ್ಯಾಲ ನೋಡೂಣು" ಎಂದಿದ್ದರು.

ತೋರಿಸುವುದೇನು ಮಹಾ! ಹಳೆಯ ಗಡಿಯಾರಗಳ ಸ್ಪ್ರಿಂಗ್ ಕತ್ತರಿಸಿ ಅರವತ್ತನಾಲ್ಕು ಮುಳ್ಳು ಮಾಡಿ ಅಯಸ್ಕಾಂತಕ್ಕೆ ಉಜ್ಜಿದೆ. ದಸರೆಯ ಹಿಂದಿನ ದಿನ, ಆಯುಧಪೂಜೆಯ ಖಂಡೇನವಮಿಯ ಬೆಳಿಗ್ಗೆ ಅಕ್ಕಲಕೋಟೆ ಮುಟ್ಟಿ, ಹಲಗೆಗೆ ಹೊಡೆದ ಹಿತ್ತಾಳೆ ಮೊಳೆಗಳ ತುದಿಯಲ್ಲಿ ಎಂಟೆಂಟರ ಸಾಲಾಗಿ ಅವನ್ನು ಕೂರಿಸಿ, ಹಾಡಿಕೊಳ್ಳುತ್ತ ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಅಜ್ಜಿ ನನ್ನ ಹಲಗೆಯನ್ನೂ ಅಯಸ್ಕಾಂತವನ್ನೂ ಕುಡಗೋಲು, ಈಳಿಗೆ, ದೊಡ್ಡಪ್ಪನ ಪೆನ್ನಿನ ಜೊತೆ ಪೂಜೆಗೆ ಇಟ್ಟು ಕುಂಕುಮ ಹಚ್ಚಿ ಆಗಿತ್ತು!

"ಪೂಜಾಕ್ಕ ಇಟ್ಟ ಹತ್ಯಾರ ಇವತ್ತ ಮುಟ್ಟಬಾರದವಾ. ನಾಳಿಗಿ ಎತ್ತು."

"ನಾಳಿಗಿ ನನ್ನ ಮಾತ ಕೊಟ್ಟ ಬಿಡ್ತಾರಲ್ಲ, ಅಜ್ಜಿ!"

ದೊಡ್ಡಪ್ಪ ಕುರ್ಚಿಯಲ್ಲಿ ಕೂತು ಮೀಸೆ ತಿರುವಿದರು. "ಸಾಕ್ಷಿ ಗೈರಹಾಜರ್" ಎಂದರು. ನನಗೆ ಅಳು ನುಗ್ಗಿ ಬಂತು.

ಅಷ್ಟರಲ್ಲಿ ನಾಗಣಸೂರಿನ ಕುರಿಗಾರ ಬಂದ. ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುವವನು. ವರ್ಷವೂ ತನ್ನ ಉಣ್ಣೆ ಕತ್ತರಿಯನ್ನು ನಮ್ಮ ಮನೆಯ ಪೂಜೆಗೆ ಇಡುವುದು ಅವನ ರೂಢಿ. ಕಂಬಳಿ ಸರಿಸಿ ಬಗ್ಗಿ, ಆ ದೊಡ್ಡ ಕಬ್ಬಿಣದ ಕತ್ತರಿಯನ್ನು ಹಲಗೆಯ ಮೂಲೆಗೇ ಇಟ್ಟ. ಮೂಲೆಯ ಮುಳ್ಳು ಗಕ್ಕನೆ ತಿರುಗಿತು. ಪಕ್ಕದ್ದು ತಿರುಗಿತು, ಅದರ ಪಕ್ಕದ್ದು, ಮತ್ತೊಂದು! ನಡುಕ ಸರಸರ ಹರಿದು ಆಚೆಯ ಮೂಲೆ ಮುಟ್ಟಿತು.

"ಅಂಬಾಬಾಯಿ ಬಂದ್ಲು!" ಎಂದು ಅಜ್ಜಿ ದೇವಿಗೆ ಕೈಮುಗಿದಳು.

"ಯಾರರೇ ಮುಟ್ಟೀರೇನ?" ದೊಡ್ಡಪ್ಪ ಎದ್ದೇ ನಿಂತರು.

"ಯಾರೂ ಮುಟ್ಟಿಲ್ರಿ" ಎಂದ ಕುರಿಗಾರ. "ಇದು ನಮ್ಮ ಹಿಂಡ ಇದ್ದಂಗ ಅದ ನೋಡ್ರಿ. ತುದೀಗಿನ ಕುರಿ ಬೆದರಿದ್ರ ಎಲ್ಲಾ ಬೆದರ್ತಾವ. ಕುರಿ ನಿಂತಲ್ಲೇ ಇರ್ತಾವ್ರಿ, ಬೆದರಿಕಿ ಅಷ್ಟ ಈ ಕಡಿಂದ ಆ ಕಡಿಗಿ ಹೋಗ್ತದ."

ಮಾಸ್ತರರ ಇಡೀ ಮಧ್ಯಾಹ್ನದ ಪಾಠ! ನನಗೆ ಮತ್ತೆ ಅದೇ ಹಾಳು ನಗು ಬಂತು. ನನ್ನನ್ನು ನೋಡಿ ಅಡುಗೆಮನೆ ಬಾಗಿಲಲ್ಲಿದ್ದ ಅವ್ವ ನಕ್ಕಳು, ಯಾಕೆಂದು ತಿಳಿಯದೆ ಅಜ್ಜಿ ನಕ್ಕಳು, ಕುರಿಗಾರ ನಕ್ಕ. ಕೊನೆಗೆ ದೊಡ್ಡಪ್ಪನ ಹೊಟ್ಟೆ ಕುಲುಕಿತು, ಆಮೇಲೆ ಮೀಸೆ.

"ಹಂಗಾರ ನಾಳಿಗಿ ಗಂಡಿನವ್ರಿಗಿ ಏನ ಹೇಳೂದ್ರಿ?" ಅವ್ವ ಮೆಲ್ಲಗೆ ಕೇಳಿದಳು.

ದೊಡ್ಡಪ್ಪ ಪೂಜೆಯಲ್ಲಿದ್ದ ಪೆನ್ನಿನತ್ತ ಕೈ ಚಾಚಿದವರು, ಅಜ್ಜಿಯ ಕಣ್ಣು ಕಂಡು ಹಿಂದೆಳೆದುಕೊಂಡರು.

"ನಾಳಿಗಿ ಪೆನ್ನ ಎತ್ತಿದ ಕೂಡ್ಲೆ," ಎಂದರು, "ಮದಲ ಅವರಿಗಿ ಒಲ್ಲೆ ಅಂತ ಕಾಗದ ಬರೀತೀನಿ."