ಗೋಲ್‌ಕೀಪರ್ ಕೈಗೆ ಪೂರ್ಣಕುಂಭ

ಸನ್ಮಾನ ಯಾರಿಗೆ ಎಂದು ಇವತ್ತು ನೆರೆದವರ ಮುಂದೆಯೇ ಕೇಳಿಬಿಟ್ಟೆ, ಗೆಳೆಯರೇ. ಸವಣೂರಿನ ನಮ್ಮ ಕಾಲೇಜು ಹುಡುಗಿಯರ ಫುಟ್‌ಬಾಲ್ ತಂಡ ಕಪ್ ಗೆದ್ದಿದೆ. ಅವರ ಒಂದು ಆಟವನ್ನೂ ತಪ್ಪಿಸದ ನಾನು, ಖಾರಾ ಅಂಗಡಿಗೆ ಬೀಗ ಹಾಕಿ ಸನ್ಮಾನ ನೋಡಲು ಓಡಿದೆ. ನೋಡಿದರೆ, ಗೆದ್ದ ಹುಡುಗಿಯರೇ ಸೀರೆ ಉಟ್ಟು, ಪೂರ್ಣಕುಂಭ ಹಿಡಿದು, ಅತಿಥಿಗಳನ್ನು ಕಾಯುತ್ತ ಬಿಸಿಲಲ್ಲಿ ಸಾಲಾಗಿ ನಿಂತಿದ್ದಾರೆ!

ಉಸ್ತುವಾರಿ ಹೊತ್ತ ಮೇಷ್ಟ್ರನ್ನು ಹಿಡಿದು ಕೇಳಿದೆ: "ಇವತ್ತಿನ ಅತಿಥಿಗಳು ಈ ಹುಡುಗ್ಯಾರ ಅಲ್ಲೇನ್ರಿ?"

"ಹೆಣ್ಮಕ್ಳು ಕುಂಭ ಹಿಡದ್ರನ ಕಾರ್ಯಕ್ರಮಕ್ಕ ಕಳಾ ಬರ್ತೈತ್ರಿ. ನೀವು ಸುಮ್ನ ಒಳಗ ಕುಂಡ್ರಿ."

ಬಾಗಿಲ ಪಕ್ಕದಲ್ಲಿದ್ದವಳು ಗೋಲ್‌ಕೀಪರ್, ಹಿರೇಬೆಂಡಿಗೇರಿಯ ರೈತರ ಮಗಳು. "ಎರಡು ತಾಸ ಆತ್ರಿ ಕಾಕಾ, ಕೈ ಸೋತಾವು," ಎಂದಳು.

ಕೊನೆಗೂ ಅತಿಥಿಗಳು ಬಂದರು. ವೇದಿಕೆಯ ಕುರ್ಚಿಗಳು ಅವರಿಂದಲೇ ತುಂಬಿದವು, ಶಾಲುಗಳು ಅವರಿಗೇ ಮುಗಿದವು. ಕಪ್ಪನ್ನೂ ಅವರೇ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಹುಡುಗಿಯರು ಹಿಂದೆ ಗೋಡೆಗೆ ಒರಗಿ ಚಪ್ಪಾಳೆ ತಟ್ಟಿದರು.

ಇಡೀ ಟೂರ್ನಿಯಲ್ಲಿ ಒಂದೇ ಒಂದು ಚೆಂಡನ್ನೂ ಒಳಗೆ ಬಿಡದ ಹುಡುಗಿ ಆ ಗೋಲ್‌ಕೀಪರ್. ಇವತ್ತು ಅಷ್ಟೂ ಅತಿಥಿಗಳನ್ನು ತಲೆಬಾಗಿ ಒಳಗೆ ಬಿಡಬೇಕಾಯಿತು!